ಗಾಯರಾಣ ಮತ್ತು ಊರ ಹಾದಿ: ಕಾಯುವವರು ಯಾರು?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಬಹಳಷ್ಟು ಊರುಗಳ ಅಂಚಿನಲ್ಲಿ ಯಾರೂ ಬಿತ್ತದ ಒಂದು ಬಯಲು ಇರುವದು. ಅದರ ಮಗ್ಗುಲಲ್ಲಿ ಹೊಲಗಳಿಗೆ ಹೋಗುವ ಬಂಡಿಹಾದಿ ಇರುವದು. ಬಯಲಿಗೆ ನಾವು ಗಾಯರಾಣ ಎನ್ನುತ್ತೇವೆ. ಬೇರೆ ಕಡೆ ಗೋಮಾಳ ಎನ್ನುತ್ತಾರೆ. ಇವೆರಡಕ್ಕೂ ಒಬ್ಬ ಒಡೆಯನಿಲ್ಲ. ಆದ್ದರಿಂದಲೇ ಇವು ಕಣ್ಣೆದುರಿಗೇ ಕರಗುತ್ತಿವೆ. ಇವನ್ನು ಉಳಿಸಿಕೊಳ್ಳುವ ಬಗೆ ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಹಾಳುಭೂಮಿಯಲ್ಲ

ಗಾಯರಾಣವನ್ನು ಅನೇಕರು ಹಾಳುಬಿದ್ದ ಜಾಗವೆಂದು ತಿಳಿಯುವರು. ಅದು ತಪ್ಪು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಅದೂ ಕೆಲವೇ ದಿನಗಳಲ್ಲಿ ರಭಸದಿಂದ ಬೀಳುವದು. ಬರಿ ಮಣ್ಣಿನ ಮೇಲೆ ಬಿದ್ದ ನೀರು ಎರೆಮಣ್ಣನ್ನು ಎಳೆದುಕೊಂಡು ಡೋಣಿ, ಭೀಮಾ, ಕೃಷ್ಣೆಯರನ್ನು ಸೇರುವದು. ಹುಲ್ಲಿನ ಬೇರು ಆ ಮಣ್ಣನ್ನು ಹಿಡಿದಿಡುವದು. ನೀರನ್ನು ಕೆಳಗಿಳಿಸಿ ಬಾವಿಗಳಿಗೆ ಕೊಡುವದು.

ಇಲ್ಲಿ ಕರಿಕೆ, ಕರಡ ಬೆಳೆಯುವವು. ಬನ್ನಿ, ಬಾರಿ, ಜಾಲಿ, ತಂಗಡಿ ಇರುವವು. ಗೌಜಲು, ಬುರ್ಲಿ ಹಕ್ಕಿಗಳು ಹುಲ್ಲಿನ ಬುಡದಲ್ಲಿಯೇ ತತ್ತಿ ಇಡುವವು. ಚಿಗರಿಗೂ ತೋಳಕ್ಕೂ ಇಂಥ ಬಯಲೇ ಮನೆ. ಎಲ್ಲಕ್ಕಿಂತ ಮೇಲಾಗಿ, ಸ್ವಂತ ಹೊಲವಿಲ್ಲದೆ ಎರಡು ಆಡು ಸಾಕಿಕೊಂಡ ತಾಯಿಗೂ ಕುರಿ ಕಾಯುವ ಕುಟುಂಬಕ್ಕೂ ಇದೇ ಆಸ್ತಿ. ಹೊಲ ಇದ್ದವನ ಮನೆಯಲ್ಲಿ ಕಣಿಕೆಯ ಬಣವಿ ಇರುವದು. ಇಲ್ಲದವನಿಗೆ ಗಾಯರಾಣವೇ ಬಣವಿ. ವಿಶ್ವಸಂಸ್ಥೆಯು 2026ನೆಯ ಇಸವಿಯನ್ನು ಹುಲ್ಲುಗಾವಲು ಹಾಗೂ ಪಶುಪಾಲಕರ ವರ್ಷವೆಂದು ಸಾರಿದ್ದು ಸುಮ್ಮನೆ ಅಲ್ಲ.

ಹೇಗೆ ಕರಗುವದು?

ಯಾರೂ ಒಂದೇ ದಿನ ಹಾದಿಯನ್ನು ನುಂಗುವದಿಲ್ಲ. 16 ಅಡಿ ಅಗಲದ ಬಂಡಿಹಾದಿ ಇದೆಯೆನ್ನಿರಿ. ಎರಡೂ ಕಡೆಯ ಹೊಲದವರು ವರ್ಷಕ್ಕೆ ಅರ್ಧ ಅಡಿಯಂತೆ ರಂಟೆ ಮುಂದಕ್ಕೆ ಹೊಡೆದರೆ, ಹತ್ತು ವರ್ಷದಲ್ಲಿ ಉಳಿಯುವದು 6 ಅಡಿ. ಬಂಡಿ ಹೋಗದು, ಟ್ರಾಕ್ಟರು ತಿರುಗದು. ಆಗ ಹಿಂದಿನ ಹೊಲದವನು ಕಬ್ಬು ಸಾಗಿಸಲು ಇನ್ನೊಬ್ಬನ ಕಾಲು ಹಿಡಿಯಬೇಕು. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊರಟ ಹೆಣ್ಣುಮಕ್ಕಳು ಬೆಳೆ ತುಳಿದರೆಂದು ಮಾತು ಕೇಳಬೇಕು. ಅಣ್ಣತಮ್ಮಂದಿರ ನಡುವೆ ಕೋರ್ಟು ಕಚೇರಿ ಸುರುವಾಗುವದು ಹೀಗೆಯೇ.

ಗಾಯರಾಣವೂ ಇದೇ ರೀತಿ ಹೋಗುವದು. ಒಂದು ಬದಿಗೆ ತಿಪ್ಪೆ, ಇನ್ನೊಂದು ಬದಿಗೆ ಒತ್ತುವರಿ, ನಡುವೆ ಬಳ್ಳಾರಿ ಜಾಲಿ. ಪಟ್ಟಣಗಳ ಅಂಚಿನಲ್ಲಿ ಇದು ಇನ್ನೂ ಬೇಗ ಆಗುವದು. ಅಲ್ಲಿ ಜಾಗದ ಬೆಲೆ ಏರಿದೆ.

ಕಾಯಿದೆ ಏನನ್ನುವದು?

1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 67ನೆಯ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರಕಾರದ ಸ್ವತ್ತು. 71 ಮತ್ತು 72ನೆಯ ಕಲಮುಗಳು ಊರ ದನಗಳ ಉಚಿತ ಮೇವಿಗಾಗಿ ಜಮೀನನ್ನು ತೆಗೆದಿರಿಸುವ ಮತ್ತು ಅಲ್ಲಿ ಮೇಯಿಸುವ ಹಕ್ಕಿನ ಸಂಬಂಧವಾಗಿವೆ. 1966ರ ನಿಯಮಗಳಲ್ಲಿ 100 ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ, ಎಂಬ ಅಳತೆ ಇದೆ. ನಿಮ್ಮ ಊರಿನ ದನಗಳನ್ನು ಎಣಿಸಿ, ನಿಮ್ಮ ಗಾಯರಾಣದೊಡನೆ ಹೋಲಿಸಿ ನೋಡಿರಿ.

1993ರ ಪಂಚಾಯತ್ ರಾಜ್ ಕಾಯಿದೆಯು ಹುಲ್ಲುಗಾವಲಿನ ಪಾಲನೆಯನ್ನು ಗ್ರಾಮ ಪಂಚಾಯತಿಯ ಕೆಲಸಗಳಲ್ಲಿ ಸೇರಿಸಿದೆ. 2011ರ ಜನವರಿ 28ರಂದು ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವುಗೊಳಿಸಲು ಯೋಜನೆ ಮಾಡಬೇಕೆಂದು ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಸರಕಾರದ ಆದೇಶದ ಮೇರೆಗೆ ಭೂಹೀನ ಕೂಲಿಕಾರರಿಗೆ ಇಲ್ಲವೆ ಪರಿಶಿಷ್ಟರಿಗೆ ಕೊಟ್ಟ ಜಮೀನು, ಈಗಾಗಲೇ ಶಾಲೆ ದವಾಖಾನೆ ಇರುವ ಜಾಗ, ಇಂಥವಕ್ಕೆ ಮಾತ್ರ ವಿನಾಯಿತಿ ತೋರಿಸಬಹುದೆಂದು ಹೇಳಿತು. ಇದನ್ನು ಊರಿನವರೂ ನೆನಪಿಡಬೇಕು. ಬಡವನ ಅರ್ಧ ಎಕರೆಯ ಮೇಲೆ ಮೊದಲು ಹೋಗಿ, ದೊಡ್ಡವನ ಹತ್ತು ಎಕರೆಗೆ ಕಣ್ಣು ಮುಚ್ಚಿದರೆ ಆ ಕೆಲಸ ಊರನ್ನು ಒಡೆಯುವದೇ ಹೊರತು ಕೂಡಿಸದು.

ಬೇರೆ ದೇಶದ ಒಂದು ಮಾತು. ಇಂಗ್ಲೆಂಡಿನಲ್ಲಿ 1949ರ ಕಾಯಿದೆಯಿಂದ ಕಾಲುದಾರಿಗಳನ್ನೆಲ್ಲ ನಕಾಶೆಯಲ್ಲಿ ದಾಖಲಿಸುವ ಕೆಲಸ ಆರಂಭವಾಯಿತು. ಹೊಲದ ನಡುವೆ ಹಾಯ್ದ ಕಾಲುದಾರಿಯನ್ನು ಬಿತ್ತನೆಯ ಸಲುವಾಗಿ ಉತ್ತರೆ, 14 ದಿನದೊಳಗೆ ಅದನ್ನು ಮತ್ತೆ ನಡೆಯಲು ಬರುವಂತೆ ಮಾಡಬೇಕೆಂಬುದು ಅಲ್ಲಿಯ ಕಟ್ಟಳೆ. ಹೊಲವೂ ನಡೆಯುವದು, ಹಾದಿಯೂ ಉಳಿಯುವದು.

ಊರವರು ಮಾಡತಕ್ಕದ್ದು

1. ಮೊದಲು ಗ್ರಾಮ ನಕಾಶೆ ತರಿಸಿರಿ. ಅದರಲ್ಲಿ ತುಂಡು ತುಂಡಾದ ಒಂದೇ ಗೆರೆ ಕಾಲುದಾರಿ. ಅಂಥವೇ ಜೋಡಿ ಗೆರೆ ಬಂಡಿಹಾದಿ. ಗ್ರಾಮಸಭೆಯಲ್ಲಿ ನಕಾಶೆ ಹರವಿ, ಹಿರಿಯರನ್ನೂ ಕುರಿ ಕಾಯುವವರನ್ನೂ ಕೂಡಿಸಿಕೊಂಡು ಗೆರೆಗುಂಟ ನಡೆಯಿರಿ. ಎಲ್ಲಿ ಹಾದಿ ಕಡಿದಿದೆಯೋ ಅಲ್ಲಿ ಗುರುತು ಮಾಡಿರಿ.

2. ಅಳತೆ ಸರಕಾರಿ ಸರ್ವೇದವರಿಂದಲೇ ಆಗಲಿ. ಗಡಿಗೆ ಕಲ್ಲು ನೆಟ್ಟು ಠರಾವು ಬರೆಯಿಸಿರಿ. ತಂಟೆ ಇದ್ದಲ್ಲಿ ತಹಶೀಲ್ದಾರರಿಗೆ ಅರ್ಜಿ ಕೊಡಿರಿ, ಕೈ ಮಾಡಬೇಡಿರಿ.

3. ಗಾಯರಾಣವನ್ನು ನಾಲ್ಕು ಪಾಲು ಮಾಡಿ, ಮಿರಗದ ಮಳೆಯಿಂದ ಹುಲ್ಲು ಬೀಜ ಉದುರಿಸುವವರೆಗೆ ಪ್ರತಿ ವರ್ಷ ಒಂದೊಂದು ಪಾಲಿಗೆ ವಿಶ್ರಾಂತಿ ಕೊಡಿರಿ. ಬೀಜ ಉದುರಿದ ಮೇಲೆ ಹುಲ್ಲನ್ನು ಕೊಯ್ದು ಒಯ್ಯಬಹುದು. ಯಾವ ಪಾಲು ಮುಚ್ಚಬೇಕೆಂಬುದನ್ನು ದನ ಕಾಯುವವರನ್ನು ಕೇಳದೆ ನಿಶ್ಚಯಿಸಬಾರದು.

4. ಬಳ್ಳಾರಿ ಜಾಲಿಯನ್ನು ಕಡಿದರೆ ಸಾಲದು. ಬುಡ ಮತ್ತೆ ಚಿಗಿಯುವದು, ಬೇರುಸಹಿತ ಕೀಳಬೇಕು. ಅದರ ಕಾಯಿ ತಿಂದ ಆಡುಗಳ ಹಿಕ್ಕೆಯಿಂದ ಬೀಜ ಹರಡುವದು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳಬೇಕು. ಮೈ ತುರಿಕೆ ಬರುವದರಿಂದ ಕೈಗೆ ಬಟ್ಟೆ ಸುತ್ತಿಕೊಳ್ಳಿರಿ.

5. ಬಯಲನ್ನೆಲ್ಲ ಗಿಡಗಳಿಂದ ತುಂಬಬೇಡಿರಿ. ಗಿಡ ಬೇಕಾದುದು ಹಾದಿಯ ಮಗ್ಗುಲಿಗೆ: ಬೇವು, ಹುಣಸೆ. ಹುಲ್ಲಿಗೆ ಬಿಸಿಲು ಬೇಕು. ಮೇವಿನ ಬೀಜದ ಸಲಹೆಯನ್ನು ಧಾರವಾಡದಲ್ಲಿರುವ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದಿಂದ ಪಡೆಯಬಹುದು.

6. ಬೇಸಿಗೆಯಲ್ಲಿ ಒಂದು ದಿನ ಮನೆಗೊಬ್ಬರಂತೆ ಕೂಡಿ ಹಾದಿಗೆ ಮುರುಮು ಹಾಕಿ, ಎರಡೂ ಬದಿಗೆ ಚರಂಡಿ ತೆಗೆಯಿರಿ. ಎರೆಭೂಮಿಯಲ್ಲಿ ನೀರು ನಿಂತ ಹಾದಿ ಹಾದಿಯಲ್ಲ, ಕೆಸರುಗುಂಡಿ.

ಪಟ್ಟಣದವರಿಗೂ ಈ ಕೆಲಸ ಬಿಟ್ಟಿದ್ದಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಊರ ಬಯಲಿನ ಹುಲ್ಲು, ಗಿಡ, ಹಕ್ಕಿಗಳ ಹೆಸರು ಅದರ ದಾಖಲೆಯಲ್ಲಿ ಸೇರಲಿ. ಶಾಲೆಯ ಮಕ್ಕಳು ಈ ಪಟ್ಟಿಯನ್ನು ಸಂತೋಷದಿಂದ ಮಾಡಿಕೊಡುವರು.

ಕೊನೆಯ ಮಾತು

ಸ್ವಂತ ಹೊಲದ ಬದುವು ಒಡೆದರೆ ಆ ಸಂಜೆಯೇ ಸಲಿಕೆ ಹಿಡಿದು ಹೋಗುತ್ತೇವೆ. ಊರ ಹಾದಿ ಒಡೆದರೆ ಪಂಚಾಯತಿಯವರು ನೋಡಿಕೊಳ್ಳಲಿ ಎನ್ನುತ್ತೇವೆ. ಕಾಯಿದೆ ಕಾಗದದ ಮೇಲೆ ಇದೆ. ಕಲ್ಲು ಕಿತ್ತದ್ದನ್ನು ಅದೇ ದಿನ ಕಾಣುವವರು ಆ ಹಾದಿಯಲ್ಲಿ ದಿನವೂ ನಡೆಯುವ ನಾವೇ. ಈ ಮಿರಗಕ್ಕೆ ಮೊದಲು ಒಮ್ಮೆ ನಕಾಶೆ ಹಿಡಿದು ನಿಮ್ಮ ಊರ ಹಾದಿಯನ್ನು ನಡೆದು ನೋಡಿರಿ. ಮುಂದಿನ ಕೆಲಸ ಏನೆಂಬುದನ್ನು ಹಾದಿಯೇ ಹೇಳುವದು.