ಬ್ಲ್ಯಾಕ್ ಕ್ಯಾಟ್ ಆಗಲು ಅರ್ಜಿ ನಮೂನೆ ಇಲ್ಲ

‘ಎನ್‌ಎಸ್‌ಜಿ ಕಮಾಂಡೊ ನೇರ ನೇಮಕಾತಿ, ಇಂದೇ ಶುಲ್ಕ ಕಟ್ಟಿ’ ಎಂಬ ಸಂದೇಶ ಮೊಬೈಲ್‌ಗೆ ಬಂದರೆ ಅಳಿಸಿಬಿಡಿ. ಕಳೆದ ತಿಂಗಳು ನಮ್ಮ ಹಾಸ್ಟೆಲ್ ಗ್ರೂಪಿಗೂ ಅದು ಬಂದಿತ್ತು. ಕಪ್ಪು ಸಮವಸ್ತ್ರದ ಫೋಟೊ ನೋಡಿ ಇಬ್ಬರು ಗೆಳೆಯರು ದುಡ್ಡು ಹೊಂದಿಸಲು ಹೊರಟಿದ್ದರು. ಅರ್ಜಿ ಹಾಕಿ ಕಮಾಂಡೊ ಆಗುವ ದಾರಿಯೇ ಇಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ.

ಆಪರೇಷನ್ ಬ್ಲೂಸ್ಟಾರ್ ನಂತರ, 1984ರಲ್ಲಿ ರಾಷ್ಟ್ರೀಯ ಭದ್ರತಾ ಪಡೆ ಹುಟ್ಟಿತು. 1986ರಲ್ಲಿ ಅದಕ್ಕೆಂದೇ ಕಾಯ್ದೆ ಬಂತು. ಬ್ರಿಟನ್ನಿನ ಎಸ್‌ಎಎಸ್, ಜರ್ಮನಿಯ ಜಿಎಸ್‌ಜಿ-9 ಇದಕ್ಕೆ ಮಾದರಿ. ಗೃಹ ಸಚಿವಾಲಯದ ಅಧೀನದಲ್ಲಿರುವ ಈ ಪಡೆಯ ಮುಖ್ಯಸ್ಥರು ಐಪಿಎಸ್ ಅಧಿಕಾರಿ. ದಾಳಿಗೆ ನುಗ್ಗುವ ವಿಶೇಷ ಕಾರ್ಯಾಚರಣೆ ಗುಂಪಿನಲ್ಲಿ (ಎಸ್‌ಎಜಿ) ಇರುವವರು ಸೇನೆಯಿಂದ ಬಂದವರು. ವಿಶೇಷ ರೇಂಜರ್ ಗುಂಪಿಗೆ (ಎಸ್‌ಆರ್‌ಜಿ) ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳಿಂದ ಬರುತ್ತಾರೆ. ಎಲ್ಲರೂ ನಿಯೋಜನೆ ಮೇಲೆ ಬಂದು, ಹರಿಯಾಣದ ಮಾನೇಸರದಲ್ಲಿ ತರಬೇತಿಯ ಜರಡಿ ದಾಟಿ, ಕೆಲವು ವರ್ಷ ದುಡಿದು ಮಾತೃ ಪಡೆಗೆ ಮರಳುತ್ತಾರೆ.

ಸಿನಿಮಾದಲ್ಲಿ ಕಮಾಂಡೊ ಎಂದರೆ ಗುಂಡಿನ ಸುರಿಮಳೆ. ಆದರೆ 1988ರಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ನಡೆದ ಆಪರೇಷನ್ ಬ್ಲ್ಯಾಕ್ ಥಂಡರ್ ನೋಡಿ. ಪಂಜಾಬ್ ಪೊಲೀಸರೊಂದಿಗೆ ಸೇರಿ ಎನ್‌ಎಸ್‌ಜಿ ದಿನಗಟ್ಟಲೆ ಮುತ್ತಿಗೆ ಹಾಕಿ ಕಾಯಿತು. ಕೊನೆಗೆ ಒಳಗಿದ್ದವರು ಶರಣಾದರು. ಕಾಯುವುದೂ ಯುದ್ಧದ ಒಂದು ಭಾಗವೇ.

ಆದರೆ ಎಲ್ಲಿ ಕಾಯಬಾರದು ಎಂಬುದನ್ನು 2008ರ ನವೆಂಬರ್ 26 ಕಲಿಸಿತು. ಮುಂಬೈ ಮೇಲೆ ದಾಳಿ ನಡೆದದ್ದು ರಾತ್ರಿ. ದೂರದ ಉತ್ತರದಿಂದ ಕಮಾಂಡೊಗಳು ಬಂದಿಳಿದದ್ದು ಮರುದಿನ ಬೆಳಿಗ್ಗೆ. ತಾಜ್ ಹೋಟೆಲ್‌ನಲ್ಲಿ ಹೋರಾಡುತ್ತಾ ಹುತಾತ್ಮರಾದ 31 ವರ್ಷದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಓದಿ ಬೆಳೆದವರು. ಧೈರ್ಯಕ್ಕೆ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಸಮಯಕ್ಕೆ. ಹೀಗಾಗಿಯೇ 2009ರಲ್ಲಿ ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತಗಳಲ್ಲಿ ಪ್ರಾದೇಶಿಕ ನೆಲೆಗಳು ಶುರುವಾದವು. ಪಡೆ ಎಷ್ಟು ಬಲಿಷ್ಠ ಎನ್ನುವಷ್ಟೇ ಅದು ಎಲ್ಲಿದೆ ಎನ್ನುವುದೂ ಮುಖ್ಯ.

ಎಂಜಿನಿಯರಿಂಗ್ ಓದುವ ನನ್ನಂಥವರನ್ನು ಹೆಚ್ಚು ಕಾಡುವ ಹೆಸರು ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರದು. ಬೆಂಗಳೂರಿನಲ್ಲೇ ಬೆಳೆದ ಅವರು ಎನ್‌ಎಸ್‌ಜಿಯ ಬಾಂಬ್ ನಿಷ್ಕ್ರಿಯ ದಳದಲ್ಲಿದ್ದರು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯಲ್ಲಿ, ಸತ್ತ ಉಗ್ರನ ದೇಹವನ್ನು ಪರಿಶೀಲಿಸುವಾಗ ಸ್ಫೋಟಕ ಸಿಡಿದು ಪ್ರಾಣ ಕೊಟ್ಟರು. ಗುಂಡಿನ ಸದ್ದು ನಿಂತ ಮೇಲೆ ಶುರುವಾಗುವ ಕೆಲಸ ಅದು. ಬಂದೂಕಿನಷ್ಟೇ ತಾಂತ್ರಿಕ ತಿಳಿವಳಿಕೆಯೂ ಅಲ್ಲಿ ಬೇಕು.

ಹಾಗಾದರೆ ದಾರಿ ಯಾವುದು? ಮೊದಲು ಸೈನಿಕರಾಗಬೇಕು, ಇಲ್ಲವೇ ಕೇಂದ್ರ ಪಡೆ ಸೇರಬೇಕು. ಪಿಯುಸಿ ನಂತರದ ಎನ್‌ಡಿಎ ಅವಕಾಶ 20 ತುಂಬಿದ ನನಗೆ ಮುಗಿದಿದೆ. ಪದವೀಧರರಿಗೆ ಯುಪಿಎಸ್‌ಸಿಯ ಸಿಡಿಎಸ್ ಮತ್ತು ಸಿಎಪಿಎಫ್ ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆಗಳಿವೆ. ಬಿಇ ಮಾಡಿದವರಿಗೆ ಸೇನೆಯ ತಾಂತ್ರಿಕ ಪ್ರವೇಶಗಳೂ ಇವೆ. ಸೇನಾಧಿಕಾರಿಯಾಗಲು ಎದುರಿಸಬೇಕಾದ ಐದು ದಿನಗಳ ಎಸ್‌ಎಸ್‌ಬಿ ಸಂದರ್ಶನದ ಕೇಂದ್ರ ನಮ್ಮ ಬೆಂಗಳೂರಿನಲ್ಲೂ ಇದೆ. ಕಾನ್‌ಸ್ಟೆಬಲ್ ಆಗಲು ಎಸ್ಸೆಸ್ಸೆಲ್ಸಿ ಸಾಕು.

ಕ್ಯಾಂಪಸ್‌ನಲ್ಲೇ ಕೆಲಸ ಸಿಗಲಿ ಎಂಬುದು ಅಪ್ಪನ ಆಸೆ. ಸೇನೆ ಎಂದರೆ ಅಮ್ಮನ ಮುಖ ಬಾಡುತ್ತದೆ. ಇಬ್ಬರ ಆತಂಕವೂ ಸುಳ್ಳಲ್ಲ. ಆದರೂ ಈ ಸಲ ಸಿಡಿಎಸ್ ಪುಸ್ತಕ ತಂದಿಟ್ಟುಕೊಂಡಿದ್ದೇನೆ, ಬೆಳಿಗ್ಗೆ ಐದಕ್ಕೆ ಎದ್ದು ಓಡುತ್ತಿದ್ದೇನೆ. ಆ ಇಬ್ಬರು ಗೆಳೆಯರಲ್ಲಿ ಒಬ್ಬ ಈಗ ಜೊತೆಗೆ ಓಡುತ್ತಾನೆ. ಕಮಾಂಡೊ ಆಗುತ್ತೇವೋ ಇಲ್ಲವೋ, ಮೊದಲ ಮೆಟ್ಟಿಲು ಯಾವುದೆಂಬುದು ಈಗ ಇಬ್ಬರಿಗೂ ಗೊತ್ತು.