ಹಣ್ಣಿನ ಬುಟ್ಟಿಯಲ್ಲೊಂದು ಅನ್ನದ ಉಂಡೆ

ಜಪಾನ್ ದೇಶದ ಚಲಿಸುವ ಚಿತ್ರಕಥೆಗಳಿಗೆ ‘ಅನಿಮೆ’ ಎಂದು ಹೆಸರು. ನಮ್ಮ ಶಾಲೆಯ ಮೇಲಿನ ತರಗತಿಗಳಲ್ಲಿ ಇವುಗಳನ್ನು ಆಸಕ್ತಿಯಿಂದ ನೋಡುವ ವಿದ್ಯಾರ್ಥಿಗಳಿದ್ದಾರೆ. ‘ಇದೇನು ಹುಚ್ಚು’ ಎಂದು ಬೇಸರಪಡುವ ತಂದೆತಾಯಿಗಳೂ ಇದ್ದಾರೆ. ಎರಡು ಪಕ್ಷದವರಿಗೂ ಉಪಯೋಗವಾದೀತೆಂದು ಅಂಥದೊಂದು ಕಥೆಯನ್ನು ಇಲ್ಲಿ ಪರಿಚಯ ಮಾಡಿಕೊಡಲು ಬಯಸುತ್ತೇವೆ. ಅದರ ಹೆಸರು ‘ಫ್ರೂಟ್ಸ್ ಬಾಸ್ಕೆಟ್’, ಎಂದರೆ ಹಣ್ಣಿನ ಬುಟ್ಟಿ. ಇದರಲ್ಲಿ ಪ್ರಣಯವುಂಟು, ಹಾಸ್ಯವುಂಟು. ಇವೆರಡಕ್ಕೂ ಆಧಾರವಾಗಿ, ಕೇಳಿದವರು ನಕ್ಕುಬಿಡುವಂಥ ಒಂದು ವಿಚಿತ್ರ ಶಾಪವುಂಟು. ಆ ವೈಚಿತ್ರ್ಯದೊಳಗೇ ಕಥೆಯ ಹೃದಯವಿದೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇದನ್ನು ಬರೆದು ಚಿತ್ರಿಸಿದವರು ನತ್ಸುಕಿ ತಕಾಯಾ ಎಂಬ ಲೇಖಕಿ. ‘ಹಾನಾ ತೊ ಯುಮೆ’ (ಹೂವುಗಳು ಮತ್ತು ಕನಸುಗಳು) ಎಂಬ ಪತ್ರಿಕೆಯಲ್ಲಿ 1998ರಿಂದ 2006ರವರೆಗೆ ಇದು ಧಾರಾವಾಹಿಯಾಗಿ ಪ್ರಕಟವಾಯಿತು. ಅನಂತರ ಒಟ್ಟು 23 ಸಂಪುಟಗಳಾಯಿತು. 2001ರಲ್ಲಿ ಕೊದಾನ್ಷಾ ಪ್ರಶಸ್ತಿಯೂ ಇದಕ್ಕೆ ಸಂದಿತು. ಅದೇ ವರ್ಷ 26 ಕಂತುಗಳ ಅನಿಮೆಯೊಂದು ತಯಾರಾಯಿತಾದರೂ, ಮೂಲಕಥೆಯೇ ಆಗ ಮುಗಿದಿರಲಿಲ್ಲವಾದ್ದರಿಂದ ಅದು ನಡುದಾರಿಯಲ್ಲೇ ನಿಲ್ಲಬೇಕಾಯಿತು. 2019ರಿಂದ 2021ರವರೆಗೆ ಮೂರು ಭಾಗಗಳಲ್ಲಿ, 63 ಕಂತುಗಳಲ್ಲಿ, ಇಡೀ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಚಿತ್ರಿಸಲಾಯಿತು. ನೋಡಬಯಸುವವರು ಈ ಎರಡನೆಯದನ್ನೇ ನೋಡುವುದು ಲೇಸು.

ಶಾಪವು ಏನೆಂದು ತಿಳಿಯಬೇಕಾದರೆ ಮೊದಲು ಜಪಾನೀಯರ ವರ್ಷಗಣನೆಯ ವಿಷಯವನ್ನು ಸ್ವಲ್ಪ ಅರಿಯಬೇಕು. ಯುಗಾದಿ ಬಂದೊಡನೆ ನಮ್ಮಲ್ಲಿ ಸಂವತ್ಸರದ ಹೆಸರು ಬದಲಾಗುತ್ತದಷ್ಟೆ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರುಗಳು ಒಂದು ಸುತ್ತು. ಚೀನಾ ದೇಶದಿಂದ ಜಪಾನಿಗೆ ಬಂದ ಪದ್ಧತಿಯಲ್ಲಿ ವರ್ಷಕ್ಕೊಂದು ಪ್ರಾಣಿಯ ಹೆಸರಿದೆ. ಹನ್ನೆರಡು ವರ್ಷಗಳಿಗೆ ಒಂದು ಸುತ್ತು. ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಕುರಿ, ಕೋತಿ, ಕೋಳಿ, ನಾಯಿ, ಕಾಡುಹಂದಿ — ಇದು ಅವುಗಳ ಕ್ರಮ. 2020 ಇಲಿಯ ವರ್ಷವಾಗಿತ್ತು. ಮತ್ತೆ 2032 ಇಲಿಯ ವರ್ಷವಾಗುತ್ತದೆ. ಹೊಸ ವರ್ಷದ ಶುಭಾಶಯ ಪತ್ರಗಳ ಮೇಲೆ ಆಯಾ ವರ್ಷದ ಪ್ರಾಣಿಯ ಚಿತ್ರವನ್ನು ಬರೆಯುವುದು ಅಲ್ಲಿನ ವಾಡಿಕೆ.

ಈ ಪಟ್ಟಿಯಲ್ಲಿ ಮನೆಮನೆಯ ಪ್ರಾಣಿಯಾದ ಬೆಕ್ಕೇ ಇಲ್ಲವೆಂಬುದನ್ನು ಜಾಣ ವಿದ್ಯಾರ್ಥಿಗಳು ಈಗಾಗಲೇ ಗಮನಿಸಿರಬಹುದು. ಅದಕ್ಕೊಂದು ಜನಪದ ಕಥೆಯಿದೆ. ದೇವರು ಪ್ರಾಣಿಗಳನ್ನೆಲ್ಲ ಔತಣಕ್ಕೆ ಕರೆದನಂತೆ. ಔತಣ ಯಾವಾಗಲೆಂದು ಬೆಕ್ಕು ಇಲಿಯನ್ನು ಕೇಳಿತು. ಕುಚೇಷ್ಟೆಯ ಇಲಿ ಒಂದು ದಿನ ತಡವಾಗಿ ಹೇಳಿತು. ತಾನು ಮಾತ್ರ ಎತ್ತಿನ ಬೆನ್ನೇರಿ ಹೋಗಿ, ಬಾಗಿಲ ಬಳಿ ಟಣ್ಣನೆ ಮುಂದಕ್ಕೆ ಹಾರಿ, ಎಲ್ಲರಿಗಿಂತ ಮೊದಲನೆಯದಾಯಿತು. ಪಾಪದ ಬೆಕ್ಕು ಮರುದಿನದ ಔತಣದ ಕನಸು ಕಾಣುತ್ತ ಮಲಗಿತ್ತು. ಪಟ್ಟಿಯಿಂದ ಶಾಶ್ವತವಾಗಿ ಹೊರಗುಳಿಯಿತು. ನಮ್ಮ ಪಂಚಾಂಗಗಳಲ್ಲಿ ವಧೂವರರ ಕೂಟ ನೋಡುವ ಕೋಷ್ಟಕದಲ್ಲಿಯೂ ನಕ್ಷತ್ರಕ್ಕೊಂದು ಪ್ರಾಣಿಯಿದ್ದು, ಬೆಕ್ಕು ಇಲಿಗಳಿಗೆ ಪರಸ್ಪರ ವೈರವೆಂದು ಬರೆದಿರುತ್ತದೆ. ಆದರೆ ನಮ್ಮವರು ವೈರಿಯೆಂದು ಕರೆದರೂ ಬೆಕ್ಕಿಗೆ ಜಾಗವನ್ನು ಕೊಟ್ಟಿದ್ದಾರೆ.

ಇನ್ನು ಕಥೆಗೆ ಬರೋಣ. ತೋಹ್ರು ಹೊಂಡಾ ಎಂಬುವಳು ಪ್ರೌಢಶಾಲೆಯ ವಿದ್ಯಾರ್ಥಿನಿ. ತಂದೆ ಎಳವೆಯಲ್ಲಿಯೇ ತೀರಿಕೊಂಡಿದ್ದಾನೆ. ತಾಯಿಯೂ ವಾಹನದ ಅಪಘಾತದಲ್ಲಿ ಮಡಿದಿದ್ದಾಳೆ. ಅಜ್ಜನ ಮನೆಯ ದುರಸ್ತಿ ನಡೆದಿರುವಾಗ ಯಾರಿಗೂ ಹೊರೆಯಾಗಬಾರದೆಂದು ಈ ಹುಡುಗಿ ಕಾಡಿನಂಚಿನಲ್ಲಿ ಡೇರೆ ಹಾಕಿಕೊಂಡು ಒಬ್ಬಳೇ ಇರುತ್ತಾಳೆ. ಆ ಭೂಮಿ ಸೋಹ್ಮಾ ಎಂಬ ದೊಡ್ಡ ಮನೆತನಕ್ಕೆ ಸೇರಿದ್ದು. ಮಣ್ಣು ಕುಸಿದು ಡೇರೆ ಹೂತುಹೋದಾಗ, ಆ ಮನೆತನದ ಶಿಗುರೆ ಮತ್ತು ಯೂಕಿ ಎಂಬವರು ಅವಳಿಗೆ ಆಶ್ರಯ ಕೊಡುತ್ತಾರೆ. ಅವಳು ಅಡಿಗೆ ಮತ್ತು ಮನೆಗೆಲಸವನ್ನು ಒಪ್ಪಿಕೊಳ್ಳುತ್ತಾಳೆ. ಅಷ್ಟರಲ್ಲಿ ಕ್ಯೋ ಎಂಬ ಮುಂಗೋಪಿ ಹುಡುಗನೊಬ್ಬ ಯೂಕಿಯೊಡನೆ ಜಗಳಕ್ಕೆಂದು ಮಾಡನ್ನೇ ಒಡೆದುಕೊಂಡು ಮನೆಯೊಳಕ್ಕೆ ಧುಮುಕುತ್ತಾನೆ. ತಡೆಯಹೋದ ತೋಹ್ರು ಕಾಲು ಜಾರಿ ಅವನ ಮೇಲೆ ಬೀಳುತ್ತಾಳೆ. ನೋಡನೋಡುತ್ತಿದ್ದಂತೆ ಹುಡುಗ ಮಾಯ. ಅವಳ ಕೈಯಲ್ಲಿ ಕಿತ್ತಳೆ ಬಣ್ಣದ ಬೆಕ್ಕು! ಗಾಬರಿಯಲ್ಲಿ ಉಳಿದಿಬ್ಬರಿಗೂ ತಗಲುತ್ತಾಳೆ. ಯೂಕಿ ಇಲಿಯಾಗುತ್ತಾನೆ, ಶಿಗುರೆ ನಾಯಿಯಾಗುತ್ತಾನೆ.

ಶಾಪವೆಂಬುದು ಇದೇ. ಸೋಹ್ಮಾ ಮನೆತನದಲ್ಲಿ ಹನ್ನೆರಡು ಪ್ರಾಣಿಗಳ ಅಂಶವನ್ನು ಹೊತ್ತ ಹನ್ನೆರಡು ಮಂದಿ ಹುಟ್ಟುತ್ತಾರೆ. ಅವರ ಜೊತೆಗೆ ಬೆಕ್ಕಿನ ಅಂಶದವನೊಬ್ಬ. ಈ ಬಳಗದ ಹೊರಗಿನ ಗಂಡು ಹೆಣ್ಣನ್ನಾಗಲಿ, ಹೆಣ್ಣು ಗಂಡನ್ನಾಗಲಿ ಅಪ್ಪಿಕೊಂಡರೆ, ಅಥವಾ ಮೈಯಲ್ಲಿ ಶಕ್ತಿ ಕುಂದಿದರೆ, ಇವರು ಆಯಾ ಪ್ರಾಣಿಗಳಾಗಿಬಿಡುತ್ತಾರೆ. ಸ್ವಲ್ಪ ಹೊತ್ತಿಗೆ ಮನುಷ್ಯರೂಪ ಮರಳುತ್ತದೆ. ಆದರೆ ಉಡುಪುಗಳು ಮಾತ್ರ ನೆಲದ ಮೇಲೆಯೇ ಇರುತ್ತವೆ! ಕಿಕ್ಕಿರಿದ ಶಾಲೆಯಲ್ಲಿ ಈ ಗುಟ್ಟನ್ನು ಕಾಪಾಡಿಕೊಳ್ಳುವ ಪೇಚಾಟವೇ ಬಹಳಷ್ಟು ಹಾಸ್ಯಕ್ಕೆ ಮೂಲ. ಕಾಡುಹಂದಿಯ ಅಂಶದ ಕಾಗುರಾ ಎಂಬ ಹುಡುಗಿಗೆ ಕ್ಯೋನ ಮೇಲೆ ಅಪಾರ ಪ್ರೀತಿ; ಪ್ರೀತಿ ಉಕ್ಕಿದಾಗಲೆಲ್ಲ ಅವನಿಗೆ ಪೆಟ್ಟುಗಳ ಸುರಿಮಳೆ. ಗಂಭೀರ ಸ್ವಭಾವದ ವೈದ್ಯ ಹತೋರಿಯದು ಡ್ರ್ಯಾಗನ್ನಿನ ಅಂಶ. ಅವನು ರೂಪ ಬದಲಿಸಿದರೆ ಬೆಂಕಿಯುಗುಳುವ ಮಹಾಸರ್ಪ ಕಂಡೀತೆಂದು ನಾವು ಕಾದಿದ್ದರೆ, ಕಾಣುವುದು ಗೇಣಿಗಿಂತ ಚಿಕ್ಕದಾದ ಕಡಲಕುದುರೆ! ಇದು ಶಬ್ದದ ಮೇಲಿನ ಆಟ. ಜಪಾನೀ ಭಾಷೆಯಲ್ಲಿ ‘ತತ್ಸು’ ಎಂದರೆ ಡ್ರ್ಯಾಗನ್. ಕಡಲಕುದುರೆಗೆ ‘ತತ್ಸು ನೊ ಓತೋಶಿಗೊ’, ಎಂದರೆ ಡ್ರ್ಯಾಗನ್ನಿನ ಕೂಸು ಎಂದು ಹೆಸರು.

ಶಾಪದ ಕಥೆಗಳು ನಮಗೆ ಹೊಸವಲ್ಲ. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಯನ್ನು ಕೊಂದ ಪಾಂಡುರಾಜನಿಗೆ, ಪ್ರೇಮದಿಂದ ಪತ್ನಿಯ ಬಳಿಸಾರಿದ ಕ್ಷಣವೇ ಮರಣವೆಂಬ ಶಾಪ ಬಂದುದನ್ನು ಮಹಾಭಾರತ ಬಲ್ಲ ಮಕ್ಕಳೆಲ್ಲರೂ ಕೇಳಿದ್ದಾರೆ. ಅಲ್ಲಿ ಅಪರಾಧವಿತ್ತು, ಆದುದರಿಂದ ಶಾಪ. ಸೋಹ್ಮಾ ಮಕ್ಕಳಾದರೋ ಯಾವ ಅಪರಾಧವನ್ನೂ ಮಾಡಿದವರಲ್ಲ; ಹುಟ್ಟಿದ್ದಷ್ಟೇ ಅವರು ಮಾಡಿದ್ದು. ಪ್ರಣಯಕಥೆಗಳಲ್ಲಿ ಸಾಮಾನ್ಯವಾಗಿ ನಾಯಕ ನಾಯಿಕೆಯರ ಆಲಿಂಗನದೊಡನೆ ಮಂಗಳ ಹಾಡುತ್ತಾರೆ. ಇಲ್ಲಿ ಆಲಿಂಗನವಾದೊಡನೆ ನಾಯಕ ಬೆಕ್ಕಾಗುತ್ತಾನೆ! ಆದುದರಿಂದ ಪ್ರೀತಿಯನ್ನು ತೋರಿಸಲು ಲೇಖಕಿ ಬೇರೆ ದಾರಿಗಳನ್ನೇ ಹುಡುಕಬೇಕಾಯಿತು. ಮಣ್ಣಿನಡಿ ಹೂತುಹೋದ ತೋಹ್ರುವಿನ ತಾಯಿಯ ಭಾವಚಿತ್ರವನ್ನು ಯೂಕಿ ಹೊರತೆಗೆದು ತಂದುಕೊಡುತ್ತಾನೆ. ಹೊಸ ವರ್ಷದ ರಾತ್ರಿ, ದೊಡ್ಡ ಮನೆಯ ಔತಣಕ್ಕೆ ಹೊರಟಿದ್ದ ಯೂಕಿಯೂ ಅವನೊಡನೆ ಹೊರಟಿದ್ದ ಕ್ಯೋನೂ ತೋಹ್ರು ಒಬ್ಬಳೇ ಇರುವಳೆಂದು ದಾರಿಯಿಂದಲೇ ಓಡೋಡಿ ಹಿಂದಿರುಗುತ್ತಾರೆ. ಮೂವರೂ ಮಾಡಿನ ಮೇಲೆ ಕುಳಿತು ವರ್ಷದ ಮೊದಲ ಸೂರ್ಯೋದಯವನ್ನು ನೋಡುತ್ತಾರೆ. ಹಳೆಯ ಕಥೆಯಲ್ಲಿ ಬೆಕ್ಕಿಗೆ ಔತಣವನ್ನು ತಪ್ಪಿಸಿದ ಇಲಿಯೇ ಇಲ್ಲಿ ತನ್ನ ಔತಣವನ್ನು ಬಿಟ್ಟು ಬರುತ್ತದೆಂಬುದನ್ನು ವಾಚಕರು ಗಮನಿಸಬೇಕು.

ನಗುನಗುತ್ತಲೇ ಕಥೆ ನಮ್ಮನ್ನು ಆಳಕ್ಕೆ ಒಯ್ಯುತ್ತದೆ. ಮೊಲದ ಅಂಶದ ಮೊಮಿಜಿ ಎಂಬ ಹುಡುಗ ಸದಾ ಹಾಡುತ್ತ ಕುಣಿಯುತ್ತ ಇರುವವನು. ಅವನು ಹುಟ್ಟಿದಾಗ ತಾಯಿ ಅವನನ್ನು ಎದೆಗಪ್ಪಿಕೊಂಡಳು. ತೋಳಲ್ಲಿದ್ದುದು ಮೊಲದ ಮರಿ. ಆ ತಾಯಿಯ ಮನಸ್ಸು ಒಡೆದುಹೋಯಿತು. ಕೊನೆಗೆ, ನೆನಪುಗಳನ್ನು ಅಳಿಸಬಲ್ಲ ಹತೋರಿಯಿಂದ, ತನಗೆ ಇಂಥ ಮಗನಿದ್ದನೆಂಬ ನೆನಪನ್ನೇ ಅವಳು ಅಳಿಸಿಕೊಳ್ಳುತ್ತಾಳೆ. ತಂದೆಯ ಕಟ್ಟಡದಲ್ಲಿ ತಾಯಿ ಎದುರಾದರೆ ಮೊಮಿಜಿ ಪರರ ಮನೆಯ ಹುಡುಗನಂತೆ ವಿನಯದಿಂದ ಮಾತಾಡಬೇಕು. ಆದರೂ ತಾನು ಮಾತ್ರ ಎಷ್ಟೇ ನೋವಿನ ನೆನಪನ್ನೂ ಮರೆಯಲೊಲ್ಲೆನೆನ್ನುತ್ತಾನೆ. ಅಪ್ಪುಗೆಯಿಂದ ಪ್ರಾಣಿಯಾಗುವ ನಗೆಯ ಕಟ್ಟಳೆಯೇ ಇಲ್ಲಿ ತಾಯಿಯ ಮಡಿಲನ್ನು ಕಸಿದುಕೊಳ್ಳುವ ಕಟ್ಟಳೆಯಾಯಿತು.

ಅಧ್ಯಾಪಕರಾದ ನಮ್ಮನ್ನು ಬಹಳವಾಗಿ ತಟ್ಟಿದ್ದು ಕಿಸಾ ಎಂಬ ಹುಲಿಯ ಅಂಶದ ಹುಡುಗಿಯ ಪ್ರಸಂಗ. ಕೂದಲಿನ ಬಣ್ಣ ಬೇರೆಯೆಂದು ತರಗತಿಯವರು ಅವಳನ್ನು ಗೇಲಿ ಮಾಡುತ್ತಾರೆ. ಬಾಯಿ ತೆರೆದರೆ ನಗುತ್ತಾರೆ. ಅವಳು ಮಾತನ್ನೇ ನಿಲ್ಲಿಸಿಬಿಡುತ್ತಾಳೆ. ತಾಯಿಗೂ ಹೇಳಲಾರಳು, ತನ್ನನ್ನು ಯಾರೂ ಇಷ್ಟಪಡುವುದಿಲ್ಲವೆಂದು ಹೆತ್ತವಳೆದುರು ಒಪ್ಪಿಕೊಳ್ಳುವುದು ಮಗುವಿಗೆ ಎಂಥ ನಾಚಿಕೆ! ಅವಳ ಉಪಾಧ್ಯಾಯರು ಒಂದು ಓಲೆ ಬರೆಯುತ್ತಾರೆ: ನಿನ್ನನ್ನು ನೀನು ಪ್ರೀತಿಸಿಕೊಳ್ಳುವುದು ಮುಖ್ಯವೆಂದು ಅದರ ತಾತ್ಪರ್ಯ. ಓಲೆಯನ್ನು ಓದಿದ ಯೂಕಿಗೆ ಅದು ಒಪ್ಪಿಗೆಯಾಗುವುದಿಲ್ಲ. ತನ್ನಲ್ಲಿ ದ್ವೇಷಿಸುವಂಥದು ಮಾತ್ರ ಕಾಣುತ್ತಿರುವವರು ತಮ್ಮನ್ನು ಪ್ರೀತಿಸಿಕೊಳ್ಳುವುದೆಂತು? ಮತ್ತೊಬ್ಬರು ನಿನ್ನನ್ನು ಕಂಡರೆ ನನಗೆ ಪ್ರೀತಿ ಎಂದು ಹೇಳಿದಾಗಲ್ಲವೇ ತನ್ನ ಬಗೆಗೆ ತನಗೂ ಪ್ರೀತಿ ಹುಟ್ಟುವುದು ಎಂಬುದು ಅವನ ವಿಚಾರ. ಹಿತವಚನವನ್ನು ಬರೆದು ಕಳಿಸಿದೊಡನೆ ಕರ್ತವ್ಯ ಮುಗಿಯಿತೆಂದು ತಿಳಿಯುವ ಅಧ್ಯಾಪಕರೆಲ್ಲರೂ ಈ ಮಾತನ್ನು ಮನನ ಮಾಡತಕ್ಕದ್ದು.

ಈಗ ಕಥೆಯ ಹೆಸರಿನ ವಿಷಯ. ‘ಫ್ರೂಟ್ಸ್ ಬಾಸ್ಕೆಟ್’ ಎಂಬುದು ಜಪಾನಿನ ಶಾಲೆಗಳಲ್ಲಿ ಮಕ್ಕಳು ಆಡುವ ಒಂದು ಆಟ. ಎಲ್ಲರೂ ವೃತ್ತಾಕಾರವಾಗಿ ಕುರ್ಚಿಗಳ ಮೇಲೆ ಕುಳಿತುಕೊಳ್ಳುತ್ತಾರೆ. ಕುರ್ಚಿ ಒಂದು ಕಡಿಮೆ. ಪ್ರತಿಯೊಬ್ಬರಿಗೂ ಒಂದೊಂದು ಹಣ್ಣಿನ ಹೆಸರು. ನಡುವೆ ನಿಂತವನು ಒಂದು ಹಣ್ಣಿನ ಹೆಸರು ಕೂಗಿದರೆ, ಆ ಹೆಸರಿನವರು ಎದ್ದು ಜಾಗ ಬದಲಿಸಬೇಕು. ‘ಹಣ್ಣಿನ ಬುಟ್ಟಿ’ ಎಂದು ಕೂಗಿದರೆ ಎಲ್ಲರೂ ಏಳಬೇಕು. ತೋಹ್ರು ಚಿಕ್ಕವಳಾಗಿದ್ದಾಗ ಕುಚೋದ್ಯದ ಹುಡುಗರು ಅವಳಿಗೆ ‘ಓನಿಗಿರಿ’ ಎಂದು ಹೆಸರಿಟ್ಟರು. ಓನಿಗಿರಿ ಎಂದರೆ ಉಪ್ಪು ಸವರಿದ ಕೈಯಲ್ಲಿ ಒತ್ತಿ ಮಾಡಿದ ಅನ್ನದ ಉಂಡೆ. ಹಣ್ಣಿನ ಬುಟ್ಟಿಯಲ್ಲಿ ಅನ್ನದ ಉಂಡೆಗೇನು ಕೆಲಸ? ಸೇಬು ಎದ್ದಿತು, ಬಾಳೆ ಎದ್ದಿತು. ತನ್ನ ಹೆಸರು ಬರುವುದೆಂದು ಆ ಮಗು ಕಾದು ಕುಳಿತೇ ಇತ್ತು. ಬೆಕ್ಕಿನ ಕಥೆಯನ್ನು ತಾಯಿ ಹೇಳಿದಾಗ, ನಾಯಿಯ ವರ್ಷದಲ್ಲಿ ಹುಟ್ಟಿದ ತಾನು ಇನ್ನು ಬೆಕ್ಕಿನ ವರ್ಷದವಳಾಗುತ್ತೇನೆಂದು ಅವಳು ಅತ್ತದ್ದು ಏಕೆಂದು ನಮಗೆ ಈಗ ತಿಳಿಯುತ್ತದೆ.

ಅದೇ ಉಂಡೆಯನ್ನು ಹಿಡಿದು ತೋಹ್ರು ಕ್ಯೋನಿಗೆ ಒಂದು ಉಪಮೆ ಹೇಳುತ್ತಾಳೆ. ಓನಿಗಿರಿಗೆ ಉಪ್ಪಿನಲ್ಲಿ ನೆನೆಸಿದ ‘ಉಮೆ’ ಎಂಬ ಹುಳಿಹಣ್ಣನ್ನು ಸೇರಿಸುವುದುಂಟು. ನಮ್ಮಲ್ಲಿ ಮೊಸರನ್ನಕ್ಕೆ ಉಪ್ಪಿನಕಾಯಿಯ ಮಿಡಿ ಇದ್ದಂತೆ. ಪ್ರತಿಯೊಬ್ಬರ ಗುಣವೂ ಅನ್ನದ ಉಂಡೆಯ ಬೆನ್ನಿಗೆ ಅಂಟಿದ ಆ ಹಣ್ಣಿನಂತೆ. ತನ್ನ ಬೆನ್ನು ತನಗೆ ಕಾಣದಾದ್ದರಿಂದ, ತಾನು ಬರಿಯ ಅನ್ನವೆಂದುಕೊಂಡು ಪರರ ಬೆನ್ನಿನ ಹಣ್ಣನ್ನು ನೋಡಿ ಕರುಬುತ್ತಾರೆ. ನಿನ್ನ ಬೆನ್ನ ಮೇಲೂ ಇದೆ, ನನಗೆ ಕಾಣುತ್ತಿದೆ ಎಂದು ಹೇಳುವವರು ಬೇಕು. ಔತಣಕ್ಕೆ ಸಲ್ಲದ ಬೆಕ್ಕಿಗೆ, ಬುಟ್ಟಿಗೆ ಸಲ್ಲದ ಉಂಡೆಯೇ ಈ ಮಾತನ್ನು ಹೇಳುತ್ತದೆ. ಶಾಪವು ಕೊನೆಗೆ ಏನಾಗುವುದೆಂಬುದನ್ನು ನಾವು ಇಲ್ಲಿ ಹೇಳುವುದಿಲ್ಲ, ನೋಡಿಯೇ ತಿಳಿಯಬೇಕು.

ಮುಂಬಯಿಯಂಥ ನಗರದಲ್ಲಿ ಕನ್ನಡ ಶಾಲೆಗೆ ಬರುವ ಮಕ್ಕಳಿಗೆ ಈ ಕಥೆ ದೂರದ್ದೆಂದು ನಮಗೆ ತೋರುವುದಿಲ್ಲ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಹಿಂದಿ. ಇಲ್ಲಿ ‘ಊರಿನವರು’ ಎನಿಸಿಕೊಂಡ ಮಗುವೇ ಬೇಸಗೆಯ ರಜೆಯಲ್ಲಿ ಊರಿಗೆ ಹೋದರೆ ಅಲ್ಲಿ ‘ಮುಂಬಯಿಯವರು’. ಎರಡು ಬುಟ್ಟಿಗಳಲ್ಲಿಯೂ ತನ್ನ ಹೆಸರು ಯಾವಾಗ ಬಂದೀತೆಂದು ಕಾಯುವ ಮಕ್ಕಳನ್ನು ನಾವು ದಿನವೂ ಕಾಣುತ್ತೇವೆ. ಅಷ್ಟೇ ಅಲ್ಲ, ನಮ್ಮ ತರಗತಿಯಲ್ಲಿಯೇ ತೊದಲುವವನನ್ನು, ಹೊಸದಾಗಿ ಹಳ್ಳಿಯಿಂದ ಬಂದವಳನ್ನು ಕರೆಯದೆ ಬಿಡುವವರೂ ನಮ್ಮೊಳಗಿನವರೇ. ಪ್ರಿಯ ವಿದ್ಯಾರ್ಥಿಗಳೇ, ಆಟದಲ್ಲಿ ನಡುವೆ ನಿಂತು ಹೆಸರು ಕೂಗುವ ಸರದಿ ಒಂದಲ್ಲ ಒಂದು ದಿನ ಪ್ರತಿಯೊಬ್ಬರಿಗೂ ಬರುತ್ತದೆ. ಆಗ ಅನ್ನದ ಉಂಡೆಯ ಹೆಸರನ್ನೂ ಮರೆಯದೆ ಕೂಗಿರೆಂಬುದೇ ನಮ್ಮ ಹಾರೈಕೆ.