ಅನಾವೃಷ್ಟಿಯ ಬೇಸಗೆಯೂ ಭೂಗತ ಅವಶೇಷಗಳೂ

ಮಳೆಯ ಅಭಾವವನ್ನು ಇತಿಹಾಸಕಾರರು ಸಾಮಾನ್ಯವಾಗಿ ಕ್ಷಾಮದ ಕಾರಣವೆಂದೇ ಪರಿಗಣಿಸುತ್ತಾರೆ. ಅದೇ ಅಭಾವವು ಇತಿಹಾಸದ ಆಧಾರಗಳನ್ನು ಹೊರಗೆಡಹುವುದೂ ಉಂಟು. ಇಂಗ್ಲೆಂಡಿನ 1976ರ ಬೇಸಗೆಯನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಆ ದೇಶದಲ್ಲಿ ಮಳೆಗೆಂದು ನಿಯತವಾದ ಋತುವಿಲ್ಲ; ವರ್ಷದ ಯಾವ ತಿಂಗಳಲ್ಲಾದರೂ ಅದು ಬೀಳಬಹುದು. ಆದರೆ 1975ರ ಮೇ ತಿಂಗಳಿಂದ 1976ರ ಆಗಸ್ಟ್‌ವರೆಗಿನ 16 ತಿಂಗಳುಗಳು, 1766ರಿಂದ ಮುಂದಕ್ಕೆ ದೊರೆಯುವ ಮಳೆಯ ಲೆಕ್ಕದಲ್ಲಿ ಅಂಥ ಅವಧಿಗಳಲ್ಲೆಲ್ಲ ಅತ್ಯಂತ ಶುಷ್ಕವಾದುವು. ಜೂನ್ 23ರಿಂದ ಜುಲೈ 7ರವರೆಗೆ ಸತತ 15 ದಿನ ದೇಶದ ಒಂದಲ್ಲ ಒಂದು ಕಡೆ ಉಷ್ಣತೆಯು 32 ಡಿಗ್ರಿ ಸೆಲ್ಸಿಯಸನ್ನು ಮುಟ್ಟಿತು. (ನಮ್ಮ ಬಯಲುಸೀಮೆಯವರು ಇದನ್ನು ಬಿಸಿಲೆಂದೇ ಎಣಿಸಲಾರರು.) ಆಗಸ್ಟ್ ತಿಂಗಳಲ್ಲಿ ಪಾರ್ಲಿಮೆಂಟು ಬರಗಾಲದ ಕಾಯಿದೆಯೊಂದನ್ನು ಅಂಗೀಕರಿಸಿತು, ಕೆಲವೆಡೆ ಜನರು ಬೀದಿಯ ನಲ್ಲಿಗಳಿಂದ ನೀರು ಹೊತ್ತರು. ಡೆನಿಸ್ ಹೋವೆಲ್ ಎಂಬ ಸಚಿವರಿಗೆ ಬರಗಾಲದ ಹೊಣೆಯನ್ನು ವಹಿಸಿದ ಕೆಲವೇ ದಿನಗಳಲ್ಲಿ ಮಳೆ ಸುರಿಯಿತು.

ಆ ಬೇಸಗೆಯಲ್ಲಿ ವಿಮಾನದಿಂದ ಹೊಲಗಳನ್ನು ನೋಡಿದವರಿಗೆ ಪೈರಿನ ನಡುವೆ ವೃತ್ತಗಳೂ ಚೌಕಗಳೂ ಗೋಚರಿಸಿದುವು. ಇದರ ಕಾರಣ ಸರಳವಾದುದು. ಹಿಂದೆ ತೋಡಿ, ಬಳಿಕ ಮುಚ್ಚಿಹೋದ ಕಂದಕದಲ್ಲಿ ಮಣ್ಣು ಆಳವಾಗಿದ್ದು ತೇವವು ಹೆಚ್ಚುಕಾಲ ನಿಲ್ಲುತ್ತದೆ. ಅದರ ಮೇಲಿನ ಗೋದಿ ಅಥವಾ ಬಾರ್ಲಿಯು ಎತ್ತರವಾಗಿ ಬೆಳೆದು ತಡವಾಗಿ ಮಾಗುತ್ತದೆ. ಹೂತ ಗೋಡೆಯ ಮೇಲಾದರೋ ಮಣ್ಣು ತೆಳು. ಅಲ್ಲಿ ಪೈರು ಬೇಗನೆ ಹಳದಿಯಾಗುತ್ತದೆ. ಎಲ್ಲೆಡೆಯೂ ತೇವ ಸಮೃದ್ಧವಾಗಿರುವ ವರ್ಷಗಳಲ್ಲಿ ಈ ಭೇದ ಬಹುಮಟ್ಟಿಗೆ ತೋರುವುದಿಲ್ಲ. ಈ ತಿಳಿವಳಿಕೆ ವಿಮಾನಗಳಿಗಿಂತ ಹಳೆಯದು. ರಿಚ್‌ಬರೋ ಎಂಬಲ್ಲಿನ ರೋಮನ್ ನೆಲೆಯ ಬೀದಿಗಳ ಜಾಡು ಪೈರಿನಲ್ಲಿ ಕಾಣುವುದನ್ನು ವಿಲಿಯಂ ಕ್ಯಾಮ್ಡೆನ್ ತನ್ನ ‘ಬ್ರಿಟಾನಿಯ’ ಗ್ರಂಥದಲ್ಲಿ ಗುರುತಿಸಿದ್ದಾನೆ.

ಸ್ಟೋನ್‌ಹೆಂಜಿನ ನಿದರ್ಶನವು ಇನ್ನೂ ಸ್ವಾರಸ್ಯಕರ. ಅಲ್ಲಿನ ದೊಡ್ಡ ಕಲ್ಲುಗಳ ವೃತ್ತವು ಎಂದಾದರೂ ಪೂರ್ಣವಾಗಿತ್ತೇ ಎಂಬುದು ಬಹುಕಾಲದ ವಿವಾದ. 2013ರ ಬೇಸಗೆಯಲ್ಲಿ ಹುಲ್ಲಿಗೆ ನೀರುಣಿಸುವ ಕೊಳವೆಯು ಗಿಡ್ಡದಾಗಿದ್ದುದರಿಂದ ಒಂದು ಭಾಗಕ್ಕೆ ನೀರು ತಲುಪಲಿಲ್ಲ. ಕಲ್ಲುಗಳಿಲ್ಲದ ಆ ಎಡೆಯಲ್ಲಿ, ಅವು ನಿಂತಿರಬೇಕಾದ ಸ್ಥಾನಗಳಲ್ಲೇ ಹುಲ್ಲು ಒಣಗಿತು! ವೃತ್ತವು ಪೂರ್ಣವಾಗಿತ್ತೆಂಬ ಪಕ್ಷಕ್ಕೆ ಇದರಿಂದ ಗಣನೀಯವಾದ ಬಲ ಬಂದಿತು. ಎಷ್ಟೋ ಉತ್ಖನನಗಳು ನಿರ್ಧರಿಸದಿದ್ದ ವಿಷಯದಲ್ಲಿ ಹೀಗೆ ಒಂದು ಕೊಳವೆಯ ಕೊರತೆ ನೆರವಾಯಿತು.

ಶಾಸನಗಳನ್ನೇ ನೆಚ್ಚಿರುವ ನಮ್ಮ ವಿದ್ಯಾರ್ಥಿಗಳು ಒಂದು ಮಿತಿಯನ್ನು ಮರೆಯಬಾರದು. ಪೈರಿನ ಗುರುತು ಆಕಾರವನ್ನು ತಿಳಿಸುತ್ತದೆಯೇ ಹೊರತು ಕಾಲವನ್ನಲ್ಲ. ಬಂಡೆಯ ಬಿರುಕೂ ಹಳೆಯ ತೊರೆಯ ಪಾತ್ರವೂ ಮನುಷ್ಯನ ಕೃತಿಯಂತೆ ತೋರಬಹುದು. ಅಗೆದು ನೋಡದೆ ನಿರ್ಣಯಿಸುವುದು ದುಡುಕಾದೀತು. ಆದರೆ ಅಗೆಯಲು ಅವಶೇಷವು ಉಳಿದಿರಬೇಕಷ್ಟೆ. ವರ್ಷವರ್ಷವೂ ನೇಗಿಲು ಅದನ್ನು ಸವೆಸುತ್ತಿರುತ್ತದೆ. ಗುರುತು ಸ್ಪಷ್ಟವಾಗಿ ಕಂಡ ಹೊಲಗಳಲ್ಲಿ ಬಹುಪಾಲು ಉಳುಮೆಯ ಹೊಲಗಳೇ. ಆದುದರಿಂದ ಇಂಥ ಬೇಸಗೆಯ ಕೆಲವು ವಾರಗಳು ಸಂಶೋಧಕರಿಗೆ ಅತ್ಯಮೂಲ್ಯವಾದವು. 2018ರ ಜುಲೈಯಲ್ಲಿ, ಐರ್ಲೆಂಡಿನ ನ್ಯೂಗ್ರೇಂಜ್ ಸಮಾಧಿಯ ಸಮೀಪದ ಹೊಲದಲ್ಲಿ, ಹಿಂದೆ ಯಾರೂ ಅರಿಯದಿದ್ದ ಬೃಹತ್ ವೃತ್ತವೊಂದನ್ನು ಇಬ್ಬರು ಡ್ರೋನಿನ ಕ್ಯಾಮೆರಾದಿಂದ ಕಂಡುಹಿಡಿದರು. ಅದರ ಮೇಲೆ ಆಗ ಪೈರು ನಿಂತಿತ್ತು.